ಎರಡು ಬೆರಳು ತಗ್ಗಿದ ಕಾರು

ಬಳ್ಳಾರಿಯ ಕೋಟೆಬೆಟ್ಟವನ್ನು ಬೆನ್ನಿಗೆ ಬಿಟ್ಟು ಉತ್ತರಕ್ಕೆ ಹೊರಟರೆ ಸ್ವಲ್ಪ ದೂರದವರೆಗೆ ಬಂಡೆಗುಡ್ಡಗಳು ಅಲ್ಲೊಂದು ಇಲ್ಲೊಂದು ಕಾವಲು ನಿಂತಂತೆ ಕಾಣುತ್ತವೆ. ಅನಂತರ ಅವೂ ಹಿಂದೆ ಸರಿದು, ಕಣ್ಣು ಹಾಯುವಷ್ಟು ದೂರ ಎರೆಯ ಬಯಲು ತೆರೆದುಕೊಳ್ಳುತ್ತದೆ. ಈ ಎರೆಮಣ್ಣಿನ ಗುಣ ವಿಚಿತ್ರವಾದದ್ದು. ಮಳೆ ಬಿದ್ದರೆ ನೆನೆದ ಹಿಟ್ಟಿನಂತೆ ಉಬ್ಬುತ್ತದೆ. ಬೇಸಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಹತ್ತಿಗೂ ಜೋಳಕ್ಕೂ ತಾಯಿಯಾದ ಈ ಮಣ್ಣು ರಸ್ತೆಗೆ ಮಾತ್ರ ಮಲತಾಯಿ. ಇಂಜಿನಿಯರುಗಳು ಗರಸು ಹಾಕಿ, ಜಲ್ಲಿ ಹಾಕಿ, ಮೇಲೆ ಡಾಂಬರಿನ ಹೊದಿಕೆಯನ್ನೆಷ್ಟು ಬಿಗಿಯಾಗಿ ಹೊದಿಸಿದರೂ, ಅಡಿಯಲ್ಲಿ ಮಲಗಿರುವ ನೆಲವು ಋತುವಿಗೊಮ್ಮೆ ಮಗ್ಗುಲು ಬದಲಿಸುತ್ತದೆ. ರಸ್ತೆ ನೋಡಲು ನುಣುಪಾಗಿಯೇ ಇರುತ್ತದೆ. ಆದರೆ ಅದರಲ್ಲಿ ಅಲೆಗಳಿರುತ್ತವೆ. ಬಸ್ಸಿನಲ್ಲಿ ಕುಳಿತವರಿಗೆ ಆ ಅಲೆ ಜೋಗುಳ. ಸಣ್ಣ ಕಾರಿನಲ್ಲಿ ಕುಳಿತವರಿಗೆ ಅದು ಏನೆಂಬುದನ್ನು ಕುರಿತೇ ಈ ಬರಹ.

ಸಿರುಗುಪ್ಪದ ಸಮೀಪ, ತುಂಗಭದ್ರೆಯ ದಂಡೆಯ ಮೇಲೆ ಕೆಂಚನಗುಡ್ಡವೆಂಬ ಊರಿದೆ. ಶ್ರೀ ರಾಘವೇಂದ್ರಸ್ವಾಮಿಗಳ ಮಠದ ಪರಂಪರೆಗೆ ಸೇರಿದ ಶ್ರೀ ವಸುಧೇಂದ್ರತೀರ್ಥರ ಬೃಂದಾವನವಿರುವ ಸ್ಥಳ. ಎಪ್ಪತ್ತೆಂಟು ವರ್ಷದ ನಮ್ಮ ತಾಯಿಯವರಿಗೆ ಅಲ್ಲಿಗೆ ಒಮ್ಮೆ ಹೋಗಿ ಬರಬೇಕೆಂಬ ಆಸೆ ಬಹುದಿನಗಳಿಂದ ಇದ್ದಿತು. ಕಳೆದ ಮಾಗಿಯಲ್ಲಿ ಅದು ಕೈಗೂಡಿತು. ಕಾರು ನನ್ನ ಸೋದರಳಿಯನದು, ಸಾರಥ್ಯವೂ ಅವನದೇ. ಹಿಂದಿನ ಆಸನದಲ್ಲಿ ತಾಯಿಯವರು, ನನ್ನ ತಂಗಿ, ಅವರಿಬ್ಬರ ನಡುವೆ ಬುತ್ತಿಯ ಬುಟ್ಟಿ. ಮುಂದೆ ನಾನು. ಹಿಂದಿನ ಡಿಕ್ಕಿಯಲ್ಲಿ ನೀರಿನ ಕ್ಯಾನು, ಚಾಪೆ, ಹೂವು ಹಣ್ಣು, ಒಂದು ಮಡಚುವ ಕುರ್ಚಿ.

ಹೊರಡುವ ಮುನ್ನ ತಂಗಿ ನನ್ನನ್ನು ಪಕ್ಕಕ್ಕೆ ಕರೆದು, "ಅಣ್ಣ, ಇವನು ಬೆಂಗಳೂರಿನಲ್ಲಿ ಕಾರನ್ನು ಏನೋ ಮಾಡಿಸಿಕೊಂಡು ಬಂದಿದ್ದಾನೆ. ಕುಳ್ಳಗಾಗಿದೆ. ಸರಿಯೋ ತಪ್ಪೋ ನೀನೇ ನೋಡಿ ಹೇಳು. ನನ್ನ ಮಾತು ಕೇಳುವುದಿಲ್ಲ" ಎಂದಿದ್ದಳು.

ಕುಳ್ಳಗಾಗಿದ್ದುದು ನಿಜ. ಕಾರಿನ ಗಾಲಿಗೂ ಅದರ ಮೇಲಿನ ಕಮಾನಿಗೂ ನಡುವೆ ಮೊದಲು ನಾಲ್ಕು ಬೆರಳು ಹಿಡಿಸುವಷ್ಟು ಸಂದಿ ಇದ್ದಿತು. ಈಗ ಎರಡೇ ಬೆರಳು. ಲೆಕ್ಕದಲ್ಲಿ ಹೇಳುವುದಾದರೆ ನಾಲ್ಕು ಸೆಂಟಿಮೀಟರು.

ವಾಚಕರಲ್ಲಿ ಎಲ್ಲರಿಗೂ ಮೋಟಾರಿನ ಹುಚ್ಚಿರಲಾರದು. ಆದ್ದರಿಂದ ಎರಡು ಮಾತು. ಹಿಂಭಾಗದಲ್ಲಿ ಡಿಕ್ಕಿ ಹೊರಚಾಚದೆ, ಮೇಲಕ್ಕೆತ್ತುವ ಬಾಗಿಲುಳ್ಳ ಪುಟ್ಟ ಕಾರನ್ನು ಹ್ಯಾಚ್‌ಬ್ಯಾಕ್ ಎನ್ನುತ್ತಾರೆ. ಅಂಥ ಸಂಸಾರಸ್ಥರ ಕಾರಿಗೆ ಅದರ ಮೈಗೆ ಮೀರಿದ ಎಂಜಿನನ್ನು ಕೂಡಿಸಿದರೆ ಅದು ಹಾಟ್ ಹ್ಯಾಚ್. ಈ ವಂಶದ ಮೂಲಪುರುಷನೆಂದರೆ ಇಂಗ್ಲೆಂಡಿನ ಮಿನಿ. 1959ರಲ್ಲಿ ಅಲೆಕ್ ಇಸಿಗೋನಿಸ್ ಎಂಬಾತ ರೂಪಿಸಿದ ಆ ಪುಟಾಣಿ ಕಾರಿಗೆ ಉಕ್ಕಿನ ಸ್ಪ್ರಿಂಗುಗಳ ಬದಲು ರಬ್ಬರಿನ ಗೂಟಗಳಿದ್ದವು. 1961ರಲ್ಲಿ ಜಾನ್ ಕೂಪರ್ ಅದಕ್ಕೆ ಬಲ ತುಂಬಿದನು. 1964ರಲ್ಲಿ ಅದೇ ಮಿನಿ ಕೂಪರ್, ದೊಡ್ಡ ದೊಡ್ಡ ಕಾರುಗಳನ್ನು ಹಿಂದಿಕ್ಕಿ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಗೆದ್ದಿತು. 1976ರಲ್ಲಿ ಮಾರಾಟಕ್ಕೆ ಬಂದ ಜರ್ಮನಿಯ ಗಾಲ್ಫ್ ಜಿ.ಟಿ.ಐ. 110 ಅಶ್ವಶಕ್ತಿಯದು, ಅದನ್ನು ಸಾಧಾರಣ ಗಾಲ್ಫಿಗಿಂತ ತಗ್ಗಾಗಿಯೇ ನಿಲ್ಲಿಸಿದ್ದರು. ನಮ್ಮ ಹುಡುಗರ ತಲೆಯಲ್ಲಿ ವೇಗದ ಸಣ್ಣ ಕಾರು ಎಂದರೆ ನೆಲಕ್ಕೆ ಒರಗಿದ ಕಾರು ಎಂಬ ಚಿತ್ರ ಅಚ್ಚೊತ್ತಿರುವುದು ಇಂಥವುಗಳಿಂದ. ಭಾರತಕ್ಕೆ ಈ ಸಂತಾನ ತಡವಾಗಿ, ಮಿತವಾಗಿ ಬಂದಿತು. 2013ರಲ್ಲಿ ಪೋಲೋ ಜಿ.ಟಿ., 2015ರಲ್ಲಿ 145 ಅಶ್ವಶಕ್ತಿಯ ಅಬಾರ್ತ್ ಪುಂಟೋ, 2018ರಲ್ಲಿ ಕೊಯಮತ್ತೂರಿನ ಜಯೆಂ ಸಂಸ್ಥೆಯೊಡನೆ ಕೂಡಿ ಟಾಟಾದವರು ಹದಗೊಳಿಸಿದ ಟಿಯಾಗೊ ಜೆ.ಟಿ.ಪಿ. ಇವುಗಳಲ್ಲಿ ಒಂದೂ ಈಗ ಹೊಸದಾಗಿ ದೊರೆಯುವುದಿಲ್ಲ. ಪೋಲೋ ತಯಾರಿಕೆ 2022ರಲ್ಲಿ ನಿಂತಿತು. ಅಳಿಯನದು ಅದೇ ಪೋಲೋ ಜಿ.ಟಿ.; ಎರಡನೆಯ ಕೈಯಿಂದ ಕೊಂಡು, ಮಗುವಿನಂತೆ ಸಾಕಿಕೊಂಡಿದ್ದಾನೆ.

"ಇದನ್ನು ತಗ್ಗಿಸಿದ್ದೇಕೋ? ಮೊದಲೇ ಚೆನ್ನಾಗಿರಲಿಲ್ಲವೆ?" ಎಂದು ಊರು ದಾಟಿದ ಮೇಲೆ ಕೇಳಿದೆನು.

"ಮಾಮ, ತಿರುವಿನಲ್ಲಿ ಹಿಡಿತ ಬೇಕಲ್ಲ! ಸೆಂಟರ್ ಆಫ್ ಗ್ರಾವಿಟಿ ಕೆಳಗೆ ಬಂದಷ್ಟೂ ಒಳ್ಳೆಯದು" ಎಂದನು.

ಅವನ ಮಾತಿನಲ್ಲಿ ಶಾಸ್ತ್ರವಿರುವುದು ಸುಳ್ಳಲ್ಲ. ಭತ್ತದ ಹುಲ್ಲನ್ನು ಆಳೆತ್ತರ ಹೇರಿದ ಬಂಡಿಯು ಬದುವಿನ ಇಳಿಜಾರಿನಲ್ಲಿ ಹೇಗೆ ವಾಲುತ್ತದೆಂಬುದು ಈ ಸೀಮೆಯ ಮಕ್ಕಳಿಗೂ ಗೊತ್ತು. ಇಲ್ಲಿಗೆ ಪಶ್ಚಿಮಕ್ಕಿರುವ ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ರಥೋತ್ಸವ ನಡೆಯುತ್ತದೆ. ಮುಗಿಲಿಗೆ ಮುಖ ಮಾಡಿದ ತೇರನ್ನು ಜನ ಹಗ್ಗ ಹಿಡಿದು ಹೆಜ್ಜೆ ಹೆಜ್ಜೆಯಾಗಿ ಎಳೆಯುತ್ತಾರೆ. ಗಾಲಿಗೆ ಮರದ ದಿಮ್ಮಿ ಕೊಟ್ಟು ದಿಕ್ಕು ತಿರುಗಿಸುವವರು ಪ್ರಾಣವನ್ನೇ ಕೈಯಲ್ಲಿ ಹಿಡಿದು ದುಡಿಯುತ್ತಾರೆ. ಎತ್ತರವೇ ಅದರ ಶೋಭೆ, ಎತ್ತರವೇ ಅದರ ಅಪಾಯ. ಅದೇ ಕಾರಣಕ್ಕೆ ತೇರಿನ ವೇಗ ಮನುಷ್ಯನ ನಡಿಗೆಯನ್ನು ಮೀರುವುದಿಲ್ಲ.

ಆದರೆ ಎರಡು ಬೆರಳು ತಗ್ಗಿಸುವುದರಿಂದ ಎಷ್ಟು ಲಾಭ? ನಾನು ಮಡಿಲಿನಲ್ಲಿದ್ದ ಪತ್ರಿಕೆಯ ಅಂಚಿನಲ್ಲಿ ಲೆಕ್ಕ ಹಾಕಿ ನೋಡಿದೆನು. 1100 ಕಿಲೋ ತೂಗುವ ಕಾರು. ಅದರ ಗುರುತ್ವಕೇಂದ್ರ ನೆಲದಿಂದ 55 ಸೆಂಟಿಮೀಟರು ಮೇಲೆ. ಎಡಬಲದ ಗಾಲಿಗಳ ಅಂತರ 146 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಜೋರಾದ ತಿರುವಿನಲ್ಲಿ ತೂಕದ ಹತ್ತರಲ್ಲಿ ಆರು ಪಾಲಿನಷ್ಟು ಬಲ ಪಕ್ಕಕ್ಕೆ ಎಳೆಯುತ್ತದೆ. ಆಗ ಒಳಬದಿಯ ಗಾಲಿಗಳಿಂದ ಹೊರಬದಿಯ ಗಾಲಿಗಳಿಗೆ ಸರಿಯುವ ಭಾರ ಸುಮಾರು 249 ಕಿಲೋ. ಗುರುತ್ವಕೇಂದ್ರವನ್ನು 4 ಸೆಂಟಿಮೀಟರು ಇಳಿಸಿದರೆ ಅದು 231 ಕಿಲೋ ಆಗುತ್ತದೆ. ಉಳಿದದ್ದು 18 ಕಿಲೋ. ಸಿರುಗುಪ್ಪದ ಅಂಗಡಿಯಲ್ಲಿ ಮಾರುವ 25 ಕಿಲೋ ಅಕ್ಕಿಚೀಲದಷ್ಟೂ ಅಲ್ಲ.

"ಹದಿನೆಂಟು ಕಿಲೋಗೆ ಇಷ್ಟು ಸಂಭ್ರಮವೆ?" ಎಂದೆನು.

"ಓಡಿಸಿದಾಗ ಗೊತ್ತಾಗುತ್ತದೆ ಮಾಮ" ಎಂದು ನಕ್ಕನು.

ಅವನು ಹೇಳಿದಂತೆಯೇ ಆಯಿತು. ಹೆದ್ದಾರಿ ಒಂದೆಡೆ ಬಲಕ್ಕೆ ಬಾಗುವಲ್ಲಿ, ಬೇಲಿಜಾಲಿಯ ಮರೆಯಿಂದ ಕುರಿಮಂದೆಯೊಂದು ರಸ್ತೆಗೆ ಹೊರಳಿತು. ಕಂಬಳಿ ಹೊದ್ದ ಕುರಿಗಾಹಿ ಕೋಲೆತ್ತಿ ಕೂಗುವಷ್ಟರಲ್ಲಿ ಮುಂದಿನ ಹತ್ತಾರು ಕುರಿಗಳು ಅರ್ಧ ರಸ್ತೆಯನ್ನು ತುಂಬಿದ್ದವು. ಹುಡುಗ ಬ್ರೇಕು ಒತ್ತಿದನು, ಎಡಕ್ಕೆ ಸರಿದನು, ಮತ್ತೆ ಬಲಕ್ಕೆ ತಂದು ನೇರ ಮಾಡಿದನು. ಹಳೆಯ ಕಾರಾಗಿದ್ದರೆ ಮೊದಲ ಸರಿತಕ್ಕೆ ಒಂದು ಕಡೆ ವಾಲಿ, ಎರಡನೆಯದಕ್ಕೆ ಇನ್ನೊಂದು ಕಡೆ ತೂಗಿ, ನಾವೆಲ್ಲ ಒಬ್ಬರ ಮೇಲೊಬ್ಬರು ಬೀಳುತ್ತಿದ್ದೆವು. ಇದು ಹಲಗೆಯ ಮೇಲೆ ಇಟ್ಟ ತಟ್ಟೆಯಂತೆ ಮಟ್ಟವಾಗಿಯೇ ಹೋಯಿತು. ಬುಟ್ಟಿಯಲ್ಲಿದ್ದ ಮೊಸರಿನ ಡಬ್ಬಿ ಕೂಡ ಮಗುಚಲಿಲ್ಲ. ತಾಯಿಯವರು ಕಣ್ಣು ಮುಚ್ಚಿ ರಾಯರನ್ನು ನೆನೆದರು. ನಾನು ಹೊಗಳಿದೆನು, ಹೊಗಳಲೇಬೇಕಾದ ಸಂದರ್ಭವದು.

ಇದಕ್ಕೆ ಕಾರಣ ಬರಿಯ ಎತ್ತರವಲ್ಲ ಎಂಬುದನ್ನೂ ಹೇಳಬೇಕು. ತಗ್ಗಿಸುವ ಸ್ಪ್ರಿಂಗುಗಳು ಮೊದಲಿನವಕ್ಕಿಂತ ಬಿಗಿಯಾಗಿರುತ್ತವೆ. ಕಾರು ವಾಲದಿರುವುದು ಹೆಚ್ಚಾಗಿ ಆ ಬಿಗಿಯಿಂದ. ವಾಲುವುದು ಕಡಿಮೆಯಾದಾಗ ಚಾಲಕನ ಕೈಗೂ ಗಾಲಿಗೂ ನಡುವಣ ಮಾತುಕತೆ ಚುರುಕಾಗುತ್ತದೆ. ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಕಾರು 'ಹೂಂ' ಎನ್ನುತ್ತದೆ. ಹದಿನೆಂಟು ಕಿಲೋವಿನ ಲೆಕ್ಕದಲ್ಲಿ ಈ ಸುಖ ಕಾಣಿಸುವುದಿಲ್ಲ.

ಸುಖ ತೆಕ್ಕಲಕೋಟೆಗೆ ಮುಂಚೆಯೇ ಮುಗಿಯಿತು. ಒಂದು ಹಳ್ಳಿಯ ಹೊರಗೆ, ಶಾಲೆಯ ಮುಂದೆ, ಯಾರು ಕಟ್ಟಿದರೋ ತಿಳಿಯದ ಒಂದು ಹಂಪು ಎದುರಾಯಿತು. ಕಾರಿನ ಮುಂಗಾಲಿಗಳು ದಾಟಿದವು. ಕೂಡಲೇ ನಮ್ಮ ಪಾದಗಳ ಕೆಳಗೆ, ಹೆಂಚಿನ ಮೇಲೆ ಇಟ್ಟಿಗೆ ಎಳೆದಂಥ ಶಬ್ದ. ಹುಡುಗನ ಮುಖ ಬಿಳಿಚಿತು. ಕಾರು ಹಂಪಿನ ಮೇಲೆ, ಬಂಡೆಯ ಮೇಲೆ ಮಲಗಿದ ಉಡದಂತೆ, ಹೊಟ್ಟೆ ಊರಿ ನಿಂತಿತು.

"ಎಲ್ಲರೂ ಸ್ವಲ್ಪ ಇಳಿಯುತ್ತೀರಾ?" ಎಂದನು ಮೆಲ್ಲಗೆ.

ಇಳಿದೆವು. ಖಾಲಿ ಕಾರು ಎದ್ದು ನಿಂತಿತು; ಹುಡುಗ ಓರೆಯಾಗಿ, ಒಂದೊಂದೇ ಗಾಲಿಯನ್ನು ಹತ್ತಿಸಿ ದಾಟಿಸಿದನು. ತಾಯಿಯವರನ್ನು ಮತ್ತೆ ಕೂರಿಸುವುದೇ ಒಂದು ಕಾರ್ಯ. ತಗ್ಗಾದ ಆಸನದೊಳಕ್ಕೆ ಇಳಿಯುವುದು ಬಾವಿಗೆ ಇಳಿದಂತೆ, ಮೇಲಕ್ಕೇಳುವುದು ಬಾವಿಯಿಂದ ಎದ್ದಂತೆ; ಮೊಣಕಾಲು ನೋವಿನವರಿಗೆ ಎರಡೂ ಶಿಕ್ಷೆ. ಅಂದು ಸಿರುಗುಪ್ಪ ಮುಟ್ಟುವಷ್ಟರಲ್ಲಿ ಅವರು ಐದು ಬಾರಿ ಇಳಿದು ಹತ್ತಿದರು. ಮೂರನೆಯ ಬಾರಿ ಶಾಲೆಯ ಮಕ್ಕಳು ಚಪ್ಪಾಳೆ ತಟ್ಟಿದರು. ಐದನೆಯ ಬಾರಿ ತಾಯಿಯವರು ಕಾರಿಗೆ ಹತ್ತದೆ, ಹಂಪಿನಿಂದ ಮುಂದಿನ ಮರದ ನೆರಳಿನವರೆಗೆ ಕೋಲೂರಿಕೊಂಡು ನಡೆದೇಬಿಟ್ಟರು.

ಹಂಪಿನ ವಿಚಾರದಲ್ಲಿ ನಮ್ಮ ದೇಶದಲ್ಲಿ ನಿಯಮವಿಲ್ಲವೆಂದಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಅಳತೆ ಗೊತ್ತುಮಾಡಿದೆ: ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ದಾಟುವಂತಿರಬೇಕಾದರೆ ಹಂಪು 3.7 ಮೀಟರು ಅಗಲವಿದ್ದು, ನಡುವೆ 10 ಸೆಂಟಿಮೀಟರು ಎತ್ತರವಿದ್ದು, 17 ಮೀಟರು ತ್ರಿಜ್ಯದ ವೃತ್ತದ ತುಂಡಿನಂತೆ ಮೆಲ್ಲಗೆ ಬಾಗಿರಬೇಕು. ಇದರ ಗುಟ್ಟು ಅಗಲದಲ್ಲಿದೆ. ಪೋಲೋವಿನ ಮುಂದಿನ ಹಿಂದಿನ ಗಾಲಿಗಳ ನಡುವೆ ಸುಮಾರು 2.47 ಮೀಟರು ಅಂತರ. ಅಷ್ಟು ಅಗಲವಾದ ಹಂಪಿನ ನೆತ್ತಿಯ ಮೇಲೆ ಕಾರು ನಿಂತಾಗ ನಾಲ್ಕು ಗಾಲಿಗಳೂ ಹಂಪಿನ ಮೇಲೆಯೇ ಇರುತ್ತವೆ. ನೆತ್ತಿಯು ಕಾರಿನ ಹೊಟ್ಟೆಯತ್ತ ಏರಿಬರುವುದು ನಾಲ್ಕೂವರೆ ಸೆಂಟಿಮೀಟರು ಮಾತ್ರ. ಎಷ್ಟೇ ತಗ್ಗಿದ ಕಾರಿಗೂ ಇದು ಕಷ್ಟವಲ್ಲ. ಆದರೆ ಊರವರು ಅಪಘಾತ ಕಂಡು ರೋಸಿ, ರಾತ್ರೋರಾತ್ರಿ ಕಾಂಕ್ರೀಟು ಕಲಸಿ ಸುರಿದ ಹಂಪು ಎರಡಡಿ ಅಗಲ, ಅರ್ಧ ಅಡಿ ಎತ್ತರ. ಅಲ್ಲಿ ಗಾಲಿಗಳು ಎರಡೂ ಕಡೆ ನೆಲದ ಮೇಲೆ, ಹಂಪು ನಡುವೆ. ಅರ್ಧ ಅಡಿಯೂ ಪೂರ್ತಿಯಾಗಿ ಹೊಟ್ಟೆಗೇ ಬಂದು ತಾಗುತ್ತದೆ. ಕಾರಿನ ಕಾರ್ಖಾನೆಯವರು ಭಾರತಕ್ಕೆಂದು ಕಾರನ್ನು ಸ್ವಲ್ಪ ಎತ್ತರಿಸಿ ನಿಲ್ಲಿಸುವುದು ಇಂಥ ಹಂಪುಗಳನ್ನು ಕಂಡೇ. ಪೋಲೋವಿಗೆ ಅವರು ಬಿಟ್ಟಿದ್ದ ಅಂತರ ಸುಮಾರು 165 ಮಿಲಿಮೀಟರು. ಅದರಲ್ಲಿ ನಲವತ್ತನ್ನು ಅಳಿಯ ಕಳೆದಿದ್ದನು. ನಾವು ನಾಲ್ವರು, ಬುಟ್ಟಿ, ನೀರು, ಕುರ್ಚಿ ಸೇರಿ ಇನ್ನೂ ಮೂವತ್ತು ನಲವತ್ತನ್ನು ಕಳೆದೆವು. ಉಳಿದದ್ದು ಒಂದು ಗೇಣಿನ ಅರ್ಧವೂ ಅಲ್ಲ.

ವೇಗಕ್ಕೆಂದೇ ಕಾರು ಮಾರಿದವರು ಕೂಡ ಇಲ್ಲಿ ಅಂಜಿ ಅಂಜಿ ತಗ್ಗಿಸಿದ್ದನ್ನು ಗಮನಿಸಬೇಕು. ಅಬಾರ್ತ್ ಪುಂಟೋವಿನ ಕೆಳಗೆ 155 ಮಿಲಿಮೀಟರು ಉಳಿಸಿದ್ದರು. ಟಿಯಾಗೊ ಜೆ.ಟಿ.ಪಿ.ಯನ್ನು ತಗ್ಗಿಸಿದ್ದು ಕೆಲವೇ ಮಿಲಿಮೀಟರು.

ತೆಕ್ಕಲಕೋಟೆಯ ಗುಡ್ಡಗಳು ಕಾಣಿಸಿದವು. 1963-64ರಲ್ಲಿ ಡಾ. ಎಂ. ಎಸ್. ನಾಗರಾಜರಾಯರು ಇಲ್ಲಿ ಅಗೆತ ನಡೆಸಿ, ಬಂಡೆಗಳ ನಡುವೆ ಗುಡಿಸಲು ಕಟ್ಟಿಕೊಂಡಿದ್ದ ನವಶಿಲಾಯುಗದ ಜನರ ನೆಲೆಯನ್ನು ಬೆಳಕಿಗೆ ತಂದರು. ಇಳಿದು ನೋಡಬೇಕೆಂಬ ಆಸೆ ನನಗೇನೋ ಇದ್ದಿತು. ಆದರೆ ಇಳಿಯುವ ಶಬ್ದವನ್ನು ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಮುಂದೆ ಸಾಗಿದೆವು.

ಎರೆನೆಲದ ಅಲೆಗಳು ತಮ್ಮ ಆಟವನ್ನು ತೋರಿಸಿದುದು ಇಲ್ಲಿಂದ ಮುಂದೆ. ರಸ್ತೆ ನೇರ, ವಾಹನ ವಿರಳ. ಮುಳ್ಳು 80ಕ್ಕೆ ಏರಿತು. ಕಾರು ಮೆಲ್ಲನೆ ಕುಣಿಯತೊಡಗಿತು, ಕುಣಿತ ಹೆಚ್ಚಿತು, ಮೂರನೆಯ ಅಲೆಗೋ ನಾಲ್ಕನೆಯದಕ್ಕೋ ಹಿಂದಿನಿಂದ 'ಧಡ್' ಎಂದು ಒಂದು ಏಟು ಬಿದ್ದು, ಕಾರಿನ ಹಿಂಭಾಗ ಒಂದು ಗೇಣು ಪಕ್ಕಕ್ಕೆ ಹಾರಿತು. ಎದುರಿನಿಂದ ಭತ್ತದ ಲಾರಿ ಬರುತ್ತಿದ್ದಿತು. ಕುರಿಮಂದೆಯ ಮುಂದೆ ಅಷ್ಟು ವಿಧೇಯವಾಗಿದ್ದ ಕಾರು ಇಲ್ಲಿ ಒಂದು ಕ್ಷಣ ಯಾರ ಮಾತನ್ನೂ ಕೇಳಲಿಲ್ಲ. ಹುಡುಗ ಹೇಗೋ ಸಂಭಾಳಿಸಿ ವೇಗವನ್ನು ತಗ್ಗಿಸಿದನು. ಯಾರೂ ಮಾತಾಡಲಿಲ್ಲ.

ನಡೆದುದು ಇಷ್ಟು. ಸ್ಪ್ರಿಂಗಿನ ಮೇಲೆ ಕುಳಿತ ಯಾವ ಕಾರಿಗೂ ತನ್ನದೇ ಒಂದು ತೂಗಾಟದ ಲಯವಿರುತ್ತದೆ; ಸಾಧಾರಣ ಕಾರಿಗೆ ಸೆಕೆಂಡಿಗೆ ಸುಮಾರು ಒಂದೂಕಾಲು ಬಾರಿ. ರಸ್ತೆಯ ಅಲೆ ಹದಿನೆಂಟು ಮೀಟರಿಗೊಂದು ಇದ್ದರೆ, 80 ಕಿಲೋಮೀಟರು ವೇಗದಲ್ಲಿ ಅಲೆಗಳೂ ಸರಿಯಾಗಿ ಅದೇ ಲಯದಲ್ಲಿ ಬಂದು ತಟ್ಟುತ್ತವೆ. ಉಯ್ಯಾಲೆ ತೂಗುವವರು ಹದವರಿತು ಕೈಕೊಟ್ಟರೆ ಹೇಗೆ ಜೀಕು ಏರುತ್ತದೆಯೋ ಹಾಗೆ. ಬಿಗಿಯಾದ ಸ್ಪ್ರಿಂಗಿಗೂ ಇಂಥದೊಂದು ಲಯವಿದ್ದೇ ಇದೆ. ಅದು ಇನ್ನೂ ಸ್ವಲ್ಪ ವೇಗದಲ್ಲಿ, ಅಥವಾ ಇನ್ನೂ ಸ್ವಲ್ಪ ಹತ್ತಿರದ ಅಲೆಗಳ ಮೇಲೆ ಎದ್ದು ಬರುತ್ತದೆ. ಆ ಜೀಕನ್ನು ಹಿಡಿದು ನಿಲ್ಲಿಸುವ ಕೆಲಸ ಷಾಕ್ ಅಬ್ಸಾರ್ಬರಿನದು. ಅಳಿಯನ ಕಾರಿನಲ್ಲಿ ಸ್ಪ್ರಿಂಗು ಹೊಸದು, ಬಿಗಿ. ಅಬ್ಸಾರ್ಬರು ಮಾತ್ರ ಎಪ್ಪತ್ತು ಸಾವಿರ ಕಿಲೋಮೀಟರು ಓಡಿದ ಹಳೆಯದು, ಹಳೆಯ ಸ್ಪ್ರಿಂಗಿಗೆ ಜೊತೆಯಾಗಿ ಹುಟ್ಟಿದ್ದು. ಹೊಸ ಹೋರಿಗೆ ಹಳೆಯ ಮೂಗುದಾರ.

ಇನ್ನೊಂದು ತೊಂದರೆಯೂ ಇದೆ. ಗಾಲಿ ಮೇಲಕ್ಕೆ ಚಲಿಸಲು ಮೊದಲು 8 ಸೆಂಟಿಮೀಟರು ಅವಕಾಶವಿದ್ದಿತೆನ್ನೋಣ. 4 ತಗ್ಗಿಸಿದರೆ ಉಳಿಯುವುದು 4. ಅದೇ ಗುಂಡಿಯ ಏಟನ್ನು ಅರ್ಧ ಜಾಗದಲ್ಲಿ ನುಂಗಬೇಕಾದರೆ ಸ್ಪ್ರಿಂಗು ಎರಡರಷ್ಟಲ್ಲ, ನಾಲ್ಕರಷ್ಟು ಬಿಗಿಯಾಗಿರಬೇಕು. ಅಷ್ಟು ಬಿಗಿಯಾದುದನ್ನು ಯಾರೂ ಮಾರುವುದಿಲ್ಲ. ಮಾರಿದರೆ ಒಳಗೆ ಕುಳಿತವರ ಬೆನ್ನುಮೂಳೆ ಉಳಿಯದು. ಆದ್ದರಿಂದ ಮಿಕ್ಕ ಏಟು ನೇರವಾಗಿ ಕೊನೆಯ ರಬ್ಬರು ತಡೆಗೆ ಹೋಗಿ ಬಡಿಯುತ್ತದೆ. ಆ ಗಳಿಗೆಯಲ್ಲಿ ಕಾರಿಗೆ ಸ್ಪ್ರಿಂಗೇ ಇಲ್ಲ ಎಂದು ತಿಳಿಯಬೇಕು. ನೆಲ ಬಿಟ್ಟ ಗಾಲಿಗೆ ಎಂಥ ಟೈರು ಹಾಕಿದರೂ ಹಿಡಿತವೆಲ್ಲಿಯದು?

ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳ ಹೊಟ್ಟಿನ ವಾಸನೆ ನಮ್ಮನ್ನು ಎದುರುಗೊಂಡಿತು. ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ, ಚಹಾ. ತಾಯಿಯವರಿಗೆ ಮಡಚುವ ಕುರ್ಚಿ ಹಾಕಿಕೊಟ್ಟೆವು. ಆ ಕುರ್ಚಿ ತಂದ ತಂಗಿಯ ಜಾಣತನವನ್ನು ಎಲ್ಲರೂ ಕೊಂಡಾಡಿದರು. ಎದುರಿಗೇ ಒಂದು ಗ್ಯಾರೇಜು ಇದ್ದಿತು. ಮೇಸ್ತ್ರಿ ಐವತ್ತರ ಆಸುಪಾಸಿನ ಮನುಷ್ಯ. ಟ್ರಾಕ್ಟರಿನ ಅಡಿಯಿಂದ ಎದ್ದು ಬಂದು, ಕೈಯನ್ನು ಹತ್ತಿಬಟ್ಟೆಗೆ ಒರೆಸಿಕೊಳ್ಳುತ್ತ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದನು. ಮುಂದಿನ ಟೈರಿನ ಒಳ ಅಂಚನ್ನು ಬೆರಳಿನಿಂದ ಸವರಿ ಅಳಿಯನನ್ನು ಕರೆದನು.

"ಇಲ್ಲಿ ನೋಡ್ರಿ. ಹೊರಗ ಹೊಸದೈತಿ, ಒಳಗ ಸವದೈತಿ. ಗಾಡಿ ತಗ್ಗಿಸಿದ ಮ್ಯಾಲೆ ಅಲೈನ್‌ಮೆಂಟ್ ಮಾಡಿಸೀರೇನು?"

ಮಾಡಿಸಿರಲಿಲ್ಲ. ತಗ್ಗಿದ ಕಾರಿನ ಗಾಲಿಗಳು ನೆತ್ತಿಯ ಕಡೆ ಒಳಕ್ಕೆ ವಾಲುತ್ತವೆ, ಮೂತಿಯ ದಿಕ್ಕೂ ಕದಲುತ್ತದೆ. ಅಳತೆ ಮಾಡಿ ಸರಿಪಡಿಸದಿದ್ದರೆ ಟೈರು ಒಂದು ಮಗ್ಗುಲಿನಲ್ಲೇ ಸವೆದುಹೋಗುತ್ತದೆ. ಇದಕ್ಕಿಂತ ಸೂಕ್ಷ್ಮವಾದ ಸಂಗತಿಯನ್ನು ಮೇಸ್ತ್ರಿ ನೆಲದ ಮೇಲೆ ಕಡ್ಡಿಯಿಂದ ಗೀರಿ ತೋರಿಸಿದನು. ಗಾಲಿಯನ್ನು ಕಾರಿಗೆ ಜೋಡಿಸುವ ಕೆಳಗಿನ ತೋಳು ಮೊದಲು ಹೆಚ್ಚುಕಡಿಮೆ ಮಟ್ಟವಾಗಿರುತ್ತದೆ. ಕಾರನ್ನು ಇಳಿಸಿದರೆ ಅದರ ಹೊರತುದಿ ಮೇಲಕ್ಕೆ ಎದ್ದುಕೊಳ್ಳುತ್ತದೆ. ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದುವು ಆಗ ಕಾರಿಗಿಂತಲೂ ಹೆಚ್ಚಾಗಿ ಕೆಳಗಿಳಿಯುತ್ತದೆ. ಅಂದರೆ ಗುರುತ್ವಕೇಂದ್ರ ನಾಲ್ಕು ಬೆರಳು ಇಳಿದರೆ ವಾಲುವ ಬಿಂದು ಆರೆಂಟು ಬೆರಳು ಇಳಿಯಬಹುದು. ಎರಡರ ನಡುವಣ ಸನ್ನೆಯ ಉದ್ದ ಬೆಳೆಯುತ್ತದೆ. ಅತಿಯಾಗಿ ತಗ್ಗಿಸಿದ ಕಾರು ಸ್ಪ್ರಿಂಗಿನ ಬಿಗಿಯೊಂದಿಲ್ಲದಿದ್ದರೆ ಮೊದಲಿಗಿಂತ ಹೆಚ್ಚಾಗಿಯೇ ವಾಲೀತು. ಮುದ್ರಿತ ಪುಸ್ತಕಗಳಲ್ಲಿ ಹತ್ತು ಪುಟ ಹಿಡಿಯುವ ವಿಷಯವಿದು. ಮೇಸ್ತ್ರಿಗೆ ಒಂದು ಕಡ್ಡಿ ಸಾಕಾಯಿತು.

"ಸ್ಪ್ರಿಂಗ್ ಕೊಯ್ಸಿಲ್ಲ ತಾನೆ?" ಎಂದು ಮತ್ತೆ ಕೇಳಿದನು.

"ಇಲ್ಲ, ಇಲ್ಲ. ಬೇರೆ ಸ್ಪ್ರಿಂಗು ಹಾಕಿಸಿದ್ದು" ಎಂದನು ಅಳಿಯ.

"ಅಷ್ಟಾದ್ರೂ ಪುಣ್ಯ ಮಾಡೀರಿ."

ಖರ್ಚು ಉಳಿಸಲೆಂದು ಸ್ಪ್ರಿಂಗಿನ ಒಂದೆರಡು ಸುತ್ತನ್ನೇ ಕತ್ತರಿಸಿಬಿಡುವ ಪದ್ಧತಿ ಎಲ್ಲೆಡೆ ಇದೆ. ಆರು ಸುತ್ತಿನಲ್ಲಿ ಒಂದನ್ನು ತೆಗೆದರೆ ಸ್ಪ್ರಿಂಗು ಐದರಲ್ಲಿ ಒಂದು ಪಾಲು ಬಿಗಿಯಾಗುತ್ತದೆ, ಕಾರೂ ಇಳಿಯುತ್ತದೆ, ಕೆಲಸವಾಯಿತೆಂದೇ ತೋರುತ್ತದೆ. ಆದರೆ ಕಾರ್ಖಾನೆಯಲ್ಲಿ ತುದಿಯನ್ನು ಬಟ್ಟಲಿಗೆ ಕೂರುವಂತೆ ರೂಪಿಸಿರುತ್ತಾರೆ; ಕೊಯ್ದ ತುದಿ ಹಾಗೆ ಕೂರುವುದಿಲ್ಲ. ಗಾಲಿ ಗುಂಡಿಗೆ ಜೋತುಬಿದ್ದಾಗ ಗಿಡ್ಡ ಸ್ಪ್ರಿಂಗು ಸಡಿಲಗೊಂಡು ಜಾಗ ತಪ್ಪೀತು. ಅದು ಮತ್ತೆ ಎಲ್ಲಿ ಕೂರುತ್ತದೆಂಬುದು ದೈವಾಧೀನ.

ಕಾನೂನಿನ ಮಾತನ್ನು ನಾನೇ ಎತ್ತಿದೆನು. ತಯಾರಕರು ಮೊದಲು ಕೊಟ್ಟ ವಿವರಗಳಿಗೂ ನೋಂದಣಿ ಪತ್ರಕ್ಕೂ ತಾಳೆಯಾಗದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ ಎಂದಾಯಿತು. ಅಪಘಾತವಾದಾಗ ವಿಮೆಯವರು ಕಾರಿನ ಅಡಿಗೆ ಬಗ್ಗಿ ನೋಡದೆ ಇರಲಾರರು. ಇದನ್ನು ಕೇಳಿ ತಂಗಿ ಮಗನ ಕಡೆ ನೋಡಿದ ನೋಟಕ್ಕೆ ಐದು ಸಾವಿರಕ್ಕಿಂತ ಹೆಚ್ಚಿನ ಬೆಲೆಯಿದ್ದಿತು.

ಸಿರುಗುಪ್ಪದಿಂದ ಕೆಂಚನಗುಡ್ಡ ದೂರವಿಲ್ಲ. ದಾರಿಯ ಎರಡೂ ಕಡೆ ಭತ್ತದ ಕೊಯಿಲು ಮುಗಿಯುತ್ತಿದ್ದಿತು. ಇಲ್ಲಿನ ಜನರಿಗೆ ಮಟ್ಟದ ಬೆಲೆ ಗೊತ್ತು. ತುಂಗಭದ್ರಾ ಜಲಾಶಯದ ಬಲದಂಡೆಯಲ್ಲಿ ಒಂದು ಮೇಲ್ಮಟ್ಟದ ಕಾಲುವೆ, ಒಂದು ಕೆಳಮಟ್ಟದ ಕಾಲುವೆ. ಯಾವುದರ ನೀರು ಯಾರ ಗದ್ದೆಗೆ ಏರೀತು ಎಂಬುದರ ಮೇಲೆ ಮನೆತನಗಳ ಭಾಗ್ಯ ನಿಂತಿದೆ. ಕಟಾವು ಯಂತ್ರಗಳೂ ಟ್ರಾಕ್ಟರುಗಳೂ ಓಡಾಡಿ, ಹಸಿ ಎರೆಮಣ್ಣು ರಸ್ತೆಯ ಮೇಲೆ ಬಿದ್ದು ಒಣಗಿ ಗಟ್ಟಿಯಾಗಿದ್ದಿತು. ಮುಂದೆ ಡಾಂಬರು ಕಿತ್ತ ಒಂದು ತುಂಡು. ಗಾಲಿಗಳ ಜಾಡು ಎರಡು ಕಾಲುವೆಗಳಂತೆ ಆಳವಾಗಿದ್ದು, ನಡುವೆ ದಿಣ್ಣೆ ಎದ್ದಿದ್ದಿತು. ಅಳಿಯ ಕಾರು ನಿಲ್ಲಿಸಿ, ಇಳಿದು, ಬಗ್ಗಿ, ಗೇಣು ಹಾಕಿ ಅಳೆದನು. ಆಮೇಲೆ ಏನೂ ಹೇಳದೆ ಕಾರನ್ನು ಬೇವಿನ ಮರದಡಿಗೆ ತಂದು ನಿಲ್ಲಿಸಿದನು.

ಮೇವು ಇಳಿಸಿ ಹಿಂದಿರುಗುತ್ತಿದ್ದ ಸಾಮಾನು ಆಟೋದ ತರುಣನೊಬ್ಬ ನಮ್ಮನ್ನು ಕಂಡು ನಿಂತನು. "ಅಜ್ಜೀನ ಮುಂದ ಕೂಡಿಸ್ರಿ, ನೀವು ಹಿಂದ ನಿಂದರ‍್ರಿ" ಎಂದನು. ಹಾಗೆಯೇ ಮಾಡಿದೆವು. ಆಟೋದ ಸೀಟು ಎತ್ತರ. ತಾಯಿಯವರು ಅಂದು ಮೊದಲ ಬಾರಿ ಯಾರ ಕೈಯನ್ನೂ ಹಿಡಿಯದೆ ಕುಳಿತರು.

ನದಿಯ ದಂಡೆಯ ಆ ಸೊಬಗನ್ನು ಬಣ್ಣಿಸಲು ನನ್ನಲ್ಲಿ ಶಕ್ತಿ ಸಾಲದು. ಮಾಗಿಯ ತುಂಗಭದ್ರೆ ಬಂಡೆಗಳ ನಡುವೆ ಹಲವು ಎಳೆಗಳಾಗಿ ಹರಿಯುತ್ತಿದ್ದಳು. ಬಂಡೆಗಳ ಮೇಲೆ ಬಿಳಿಯ ಕೊಕ್ಕರೆಗಳು. ಹಾಳುಬಿದ್ದ ಕೋಟೆಯ ಗೋಡೆಗಳ ಮೇಲೆ ಸಂಜೆಯ ಬಿಸಿಲು ಬಿದ್ದು ಕೆಂಪೇರಿದ್ದಿತು. ಈ ತಾಲ್ಲೂಕಿನ ಸಿರುಗುಪ್ಪ, ದೇಸನೂರು ಕಾಲುವೆಗಳು ವಿಜಯನಗರದ ಕಾಲದವು. ನದಿಗೆ ಅಡ್ಡಲಾಗಿ ಕಲ್ಲುಗಳನ್ನು ಸಾಲುಗೂಡಿಸಿ ಕಟ್ಟಿದ ಅಣೆಗಳಿಂದ ಅವು ಇಂದಿಗೂ ನೀರು ಹರಿಸುತ್ತಿವೆ. ಅಣೆ ಬಹಳ ಎತ್ತರವೇನಲ್ಲ. ಕಾಲುವೆಯ ಬಾಯಿಗೆ ನೀರು ತಿರುಗುವಷ್ಟು. ಪ್ರವಾಹ ಬಂದಾಗ ನದಿ ಅದರ ಮೇಲೆಯೇ ಹಾದುಹೋಗುತ್ತದೆ. ಬೃಂದಾವನಕ್ಕೆ ಪ್ರದಕ್ಷಿಣೆ ಬಂದು ತಾಯಿಯವರು ಬಹಳ ಹೊತ್ತು ಕುಳಿತಿದ್ದರು. ಮೊಸರನ್ನ, ಮಿಡಿ ಉಪ್ಪಿನಕಾಯಿ, ಹೊಳೆಯ ಗಾಳಿ.

ಅಳಿಯ ನನ್ನ ಪಕ್ಕದಲ್ಲಿ ಬಂಡೆಯ ಮೇಲೆ ಕುಳಿತು, "ಮಾಮ, ನೀವು ಏನು ಹೇಳುತ್ತೀರಿ?" ಎಂದನು.

ನನಗೆ ತೋಚಿದುದನ್ನು ಹೇಳಿದೆನು. ಮೊದಲು ಆ ಎಪ್ಪತ್ತು ಸಾವಿರದ ಅಬ್ಸಾರ್ಬರುಗಳನ್ನು ತೆಗೆಸು. ಹೊಸವನ್ನು ಹಾಕಿಸಿ, ಒಳ್ಳೆಯ ಟೈರು ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿ ನೋಡು. ಕಾರ್ಖಾನೆಯ ಎತ್ತರದಲ್ಲೇ ನಿನಗೆ ಬೇಕಾದುದರಲ್ಲಿ ಮುಕ್ಕಾಲು ಪಾಲು ಸಿಕ್ಕೀತು. ಕುರಿಮಂದೆಯ ಮುಂದೆ ಕಾರು ಮಾಡಿದ ಕೆಲಸವನ್ನು ನಾನು ಮರೆಯುವುದಿಲ್ಲ. ಲಾರಿಯ ಮುಂದೆ ಮಾಡಿದುದನ್ನು ನಿಮ್ಮಮ್ಮ ಮರೆಯುವುದಿಲ್ಲ. ಅವನು ನೀರಿಗೆ ಒಂದೆರಡು ಕಲ್ಲು ಎಸೆದನು. ಒಪ್ಪಿದನೆಂದಾಗಲಿ ಇಲ್ಲವೆಂದಾಗಲಿ ಹೇಳಲಿಲ್ಲ.

ಹಿಂದಿರುಗುವಾಗ ತಾಯಿಯವರೂ ತಂಗಿಯೂ ಸಿರುಗುಪ್ಪದಿಂದ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಹತ್ತಿದರು. ಕಿಟಕಿಯ ಪಕ್ಕದ ಎತ್ತರದ ಆಸನದಿಂದ ತಾಯಿಯವರು ನಮ್ಮ ಕಡೆ ಕೈಬೀಸಿದರು. ಹಗುರವಾದ ಕಾರಿನಲ್ಲಿ ನಾವಿಬ್ಬರು ಹಿಂದೆ ಹಿಂದೆ, ಅರವತ್ತರ ವೇಗ ಮೀರದೆ ಬಂದೆವು. ಎರಡು ಹಂಪುಗಳಲ್ಲಿ ನಾನೊಬ್ಬನೇ ಇಳಿದೆನು.

ಸಂಕ್ರಾಂತಿ ಕಳೆದ ಮೇಲೆ ಅವನು ಹೊಸ ಅಬ್ಸಾರ್ಬರುಗಳೊಡನೆ ಕಾರ್ಖಾನೆಯ ಹಳೆಯ ಸ್ಪ್ರಿಂಗುಗಳನ್ನೇ ಮತ್ತೆ ಹಾಕಿಸಿದನು. ತಗ್ಗಿಸುವ ಸ್ಪ್ರಿಂಗುಗಳನ್ನು ಮಾರಿಲ್ಲ. ಎಣ್ಣೆ ಸವರಿ, ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದಾನೆ. ಚೆನ್ನೈಗೆ ಸಮೀಪದ ಇರುಂಗಾಟ್ಟುಕೋಟೈಯಲ್ಲಿ ಮೋಟಾರು ಪಂದ್ಯಗಳಿಗೆಂದೇ ಕಟ್ಟಿದ ಪಥವಿದೆಯಷ್ಟೆ. ಎಂದಾದರೂ ಅಲ್ಲಿ ಓಡಿಸುವ ದಿನ ಬಂದರೆ ಆಗ ಬೇಕಾಗುತ್ತವೆಂದು ಅವನ ಲೆಕ್ಕ. ಈ ವಿಷಯ ತಿಳಿದು ತಾಯಿಯವರು ಕೇಳಿದುದು ಒಂದೇ ಪ್ರಶ್ನೆ: "ಅಲ್ಲಿ ಹಂಪು ಇಲ್ಲವೇನೋ ಮಗೂ?"

"ಒಂದೂ ಇಲ್ಲ ಅಜ್ಜಿ."

"ಹಾಗಾದರೆ ಹೋಗಿ ಬಾ" ಎಂದರು.